ಮನೆ ತೆರಿಗೆ, ಶಾಲೆಯ ಖರ್ಚು: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ.

ನಿಮ್ಮ ಲೇಖನ ಪೂರ್ತಿ ಓದಿದೆ. ಅಮೆರಿಕದ ಸರ್ಕಾರಿ ಶಾಲೆಗಳು ಆಯಾ ಊರಿನ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡಿರುವುದು ಅನ್ಯಾಯ ಎನ್ನುತ್ತೀರಿ. ಅದರ ಬದಲು ಮಾರಾಟ ತೆರಿಗೆ, ಆದಾಯ ತೆರಿಗೆ, ಲಾಟರಿ, ದಾನಿಗಳ ನಿಧಿ ಅಂತ ದಾರಿಗಳನ್ನೂ ತೋರಿಸಿದ್ದೀರಿ. ನಿಮ್ಮ ಕಾಳಜಿ ಮನಸ್ಸಿಗೆ ತಟ್ಟಿತು. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ.

‘ಶಿಕ್ಷಣವೇ ಸಮಾಜದ ಬುನಾದಿ’ ಎಂದು ಶುರುವಾಗುವ ಮೊದಲ ಪುಟವನ್ನು ತೆಗೆದುಬಿಡಿ. ಅದನ್ನು ಒಪ್ಪದವರು ಯಾರೂ ಇಲ್ಲ. ಇಲ್ಲಿನ ಓದುಗರಿಗೆ ಬೇಕಾದ ವಿಷಯ ಬೇರೆ. ನಮ್ಮಲ್ಲಿ ಸರ್ಕಾರಿ ಶಾಲೆ ಮೇಷ್ಟ್ರ ಸಂಬಳ ಬರುವುದು ರಾಜ್ಯದ ಖಜಾನೆಯಿಂದ. ಶಾಲೆ ಜಯನಗರದಲ್ಲಿರಲಿ, ಸುರಪುರದಲ್ಲಿರಲಿ, ಅಕ್ಕಪಕ್ಕದ ಮನೆಗಳ ಬೆಲೆಗೂ ಆ ಸಂಬಳಕ್ಕೂ ಸಂಬಂಧವಿಲ್ಲ. ಕೇಂದ್ರ ಸರ್ಕಾರದ ಶಿಕ್ಷಣದ ಸೆಸ್ ಕಟ್ಟುವುದೂ ಆದಾಯ ತೆರಿಗೆಯ ಮೇಲೆ. ಹೀಗಿರುವಾಗ, ಮನೆಗಳ ಬೆಲೆ ಕಡಿಮೆ ಇರುವ ಊರಿನ ಶಾಲೆ ಯಾಕೆ ಸೊರಗುತ್ತದೆ ಅಂತ ನಮ್ಮವರಿಗೆ ತಾನಾಗಿ ಹೊಳೆಯುವುದಿಲ್ಲ ಅಲ್ವಾ? ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಬಡ ಪೋಷಕರು ಇದೇ ಪ್ರಶ್ನೆ ಹಿಡಿದು ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ ಐವರು ನ್ಯಾಯಮೂರ್ತಿಗಳು ಅವರ ವಿರುದ್ಧ, ನಾಲ್ವರು ಅವರ ಪರ ನಿಂತರು. ಪೋಷಕರು ಒಂದೇ ಮತದಲ್ಲಿ ಸೋತರು. ಅಲ್ಲಿಂದ ಶುರು ಮಾಡಿ.

ಈಗ ನನ್ನ ದೊಡ್ಡ ತಕರಾರು. ನೀವಿರುವುದು ಮಿಶಿಗನ್‌ನಲ್ಲಿ. ನೀವು ಕೇಳುತ್ತಿರುವ ಬದಲಾವಣೆಯನ್ನು ಬಹುಮಟ್ಟಿಗೆ ಮಾಡಿ ನೋಡಿದ ರಾಜ್ಯ ಅದು. ಅದಕ್ಕೆ ನೀವು ಕೊಟ್ಟಿರುವುದು ಒಂದೇ ಸಾಲು!

ಆ ಕಥೆಯನ್ನು ಬಿಡಿಸಿ ಬರೆಯಿರಿ. 1993ರಲ್ಲಿ ಕಲ್ಕಾಸ್ಕಾ ಎಂಬ ಸಣ್ಣ ಊರಿನ ಜನ ಶಾಲೆಗಾಗಿ ಜಾಸ್ತಿ ಆಸ್ತಿ ತೆರಿಗೆ ಕಟ್ಟುವುದಿಲ್ಲ ಎಂದು ಮತ ಹಾಕಿದರು. ದುಡ್ಡು ಮುಗಿದು, ಮಾರ್ಚ್‌ನಲ್ಲೇ ಶಾಲೆಗಳ ಬಾಗಿಲು ಮುಚ್ಚಿತು. ಆ ಬೇಸಿಗೆಯಲ್ಲಿ ರಾಜ್ಯದ ಶಾಸಕರು ಶಾಲೆಗಳನ್ನು ನಡೆಸುವ ಆಸ್ತಿ ತೆರಿಗೆಯನ್ನೇ ರದ್ದು ಮಾಡಿದರು. ಆ ಜಾಗಕ್ಕೆ ಏನು ತರುವುದು ಎನ್ನುವುದು ಆಗಿನ್ನೂ ತೀರ್ಮಾನವಾಗಿರಲಿಲ್ಲ. 1994ರ ಮಾರ್ಚ್‌ನಲ್ಲಿ ಜನರ ಮುಂದೆ ‘ಪ್ರಪೋಸಲ್ ಎ’ ಬಂತು. ಅದನ್ನು ಒಪ್ಪಿದರೆ ಮಾರಾಟ ತೆರಿಗೆ 4ರಿಂದ 6%ಗೆ ಏರುತ್ತದೆ, ಒಪ್ಪದಿದ್ದರೆ ಆದಾಯ ತೆರಿಗೆ ಏರುತ್ತದೆ. ಜನ ದೊಡ್ಡ ಬಹುಮತದಿಂದ ಒಪ್ಪಿದರು. ಸಿಗರೇಟಿನ ತೆರಿಗೆಯೂ ಪ್ಯಾಕಿಗೆ 25 ಸೆಂಟ್‌ನಿಂದ 75 ಸೆಂಟ್ ಆಯಿತು.

ನಿಮ್ಮ ಮನೆಯ ತೆರಿಗೆ ಬಿಲ್ಲನ್ನೇ ತೆಗೆದು ನೋಡಿ. ‘ಸ್ಟೇಟ್ ಎಜುಕೇಶನ್’ ಎಂಬ ಸಾಲಿನಲ್ಲಿ 6 ಮಿಲ್ ಅಂತ ಇರುತ್ತದೆ. ಅಂದರೆ ತೆರಿಗೆಗೆ ಲೆಕ್ಕ ಹಿಡಿಯುವ ಪ್ರತಿ 1,000 ಡಾಲರ್ ಬೆಲೆಗೆ 6 ಡಾಲರ್. ಅಂಗಡಿ ಅಥವಾ ಬಾಡಿಗೆಗೆ ಕೊಟ್ಟ ಮನೆಯಾದರೆ ಸಾಮಾನ್ಯವಾಗಿ ಇನ್ನೂ 18 ಮಿಲ್ ಬೀಳುತ್ತದೆ. ಸ್ವಂತ ವಾಸದ ಮನೆಗೆ ಅದರಿಂದ ವಿನಾಯಿತಿ. ಆಸ್ತಿ ತೆರಿಗೆ ಪೂರ್ತಿ ಹೋಗಲಿಲ್ಲ, ಹಂಚಿಕೆ ಬದಲಾಯಿತು. ನಿಮ್ಮ ಶೀರ್ಷಿಕೆ ‘ಆಸ್ತಿ ತೆರಿಗೆಗೆ ವಿದಾಯ’ ಎನ್ನುತ್ತದೆ. ಬಿಲ್ಲು ಹಾಗೆ ಹೇಳುವುದಿಲ್ಲ.

ಇದರಿಂದ ಒಳ್ಳೆಯದಾಯಿತೇ? ನನ್ನ ಮಟ್ಟಿಗೆ ಹೌದು, ಅರ್ಧ. ಪ್ರತಿ ಮಗುವಿಗೆ ಇಷ್ಟು ಅಂತ ರಾಜ್ಯವೇ ಕೊಡತೊಡಗಿದ ಮೇಲೆ ತೀರಾ ಹಿಂದುಳಿದಿದ್ದ ಹಳ್ಳಿ ಶಾಲೆಗಳು ಮೇಲೆ ಬಂದವು. ಆದರೆ ಕಟ್ಟಡದ ಸಾಲ ತೀರಿಸಲು ಈಗಲೂ ಊರಿನ ಆಸ್ತಿ ತೆರಿಗೆಯೇ ಗತಿ. ಅದಕ್ಕೇ ಶ್ರೀಮಂತ ಊರಿನಲ್ಲಿ ಹೊಸ ಲ್ಯಾಬ್ ಏಳುತ್ತದೆ, ಬಡ ಊರಿನಲ್ಲಿ ಸೋರುವ ಸೂರು ಉಳಿಯುತ್ತದೆ. ಜೊತೆಗೆ, ಜನರ ಕೈಯಲ್ಲಿ ಕಾಸಿಲ್ಲದಾಗ ಅಂಗಡಿ ವ್ಯಾಪಾರ ಬೀಳುತ್ತದೆ, ಮಾರಾಟ ತೆರಿಗೆಯೂ ಬೀಳುತ್ತದೆ. 2009ರ ಹಿಂಜರಿತದಲ್ಲಿ ಅಲ್ಲಿನ ಶಾಲೆಗಳಿಗೆ ಶೈಕ್ಷಣಿಕ ವರ್ಷದ ನಡುವೆಯೇ ಹಣ ಕಡಿತವಾಯಿತು. ‘ಮಾರಾಟ ತೆರಿಗೆ ಭದ್ರವಾದ ಆದಾಯ’ ಎಂದು ನೀವು ಬರೆದದ್ದು ಇಲ್ಲಿ ಮುರಿದು ಬೀಳುತ್ತದೆ.

ಲಾಟರಿಯ ಭಾಗ ಬಿಡಿ. ನ್ಯೂ ಹ್ಯಾಂಪ್‌ಶೈರ್ 1964ರಲ್ಲೇ ಶಾಲೆಗಳ ಹೆಸರಲ್ಲಿ ಲಾಟರಿ ಶುರು ಮಾಡಿತು. ಆದರೂ ಶಾಲೆಗಳಿಗಾಗಿ ಅಲ್ಲಿ ಆಸ್ತಿ ತೆರಿಗೆಯ ಭಾರ ಇವತ್ತಿಗೂ ಜೋರಾಗಿಯೇ ಇದೆ. ಬೇರೆ ಕಡೆಗಳಲ್ಲೂ ಲಾಟರಿ ಹಣ ಬಂತು ಅಂತ ಬಜೆಟ್‌ನಿಂದ ಅಷ್ಟನ್ನು ಹಿಂದಕ್ಕೆ ಎಳೆದುಕೊಂಡದ್ದುಂಟು. ದಾನಿಗಳ ನಿಧಿಯೂ ಅಷ್ಟೇ, ಉಳ್ಳವರ ಊರಿಗೇ ಜಾಸ್ತಿ ಸೇರುತ್ತದೆ.

1,200 ಪದಗಳೊಳಗೆ ಮಿಶಿಗನ್ ಕಥೆಯೊಂದನ್ನೇ ಬರೆದು ಕಳಿಸಿ. ಶಾಲೆಯ ಮಂಡಳಿ ಸಭೆಗೆ ಒಮ್ಮೆ ಹೋಗಿ ಕೂತು ಬನ್ನಿ, ಅಲ್ಲಿ ಯಾರ್‍ಯಾರು ಏನು ಕೇಳಿದರು ಅಂತ ಬರೆಯಿರಿ. ತೆರಿಗೆ ಬಿಲ್ಲಿನ ಫೋಟೋವನ್ನೂ ಜೊತೆಗಿಡಿ. ವಿಳಾಸ ಮಾತ್ರ ಕಾಣದ ಹಾಗೆ ಮುಚ್ಚಿರಿ.