ಮಂಡಿ ನೋವಿಗೆ ಕಿನಿಸಿಯೋ ಟೇಪ್ (ಚರ್ಮಕ್ಕೆ ಅಂಟಿಸುವ, ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ) ಹಾಕಿದರೆ ನಿಜಕ್ಕೂ ಉಪಯೋಗ ಇದೆಯಾ?

ಸ್ವಲ್ಪ ಇದೆ, ಅದೂ ತಾತ್ಕಾಲಿಕ. ಮಂಡಿ ಸವೆತ ಇರುವ ಕೆಲವರಿಗೆ ನೋವು ಒಂದಷ್ಟು ದಿನ ತಗ್ಗುತ್ತದೆ. ಆದರೆ ಎಳೆಯದೆ ಸುಮ್ಮನೆ ಅಂಟಿಸಿದ ಟೇಪಿಗೆ ಹೋಲಿಸಿದ ಹಲವು ಪ್ರಯೋಗಗಳಲ್ಲಿ ವ್ಯತ್ಯಾಸ ತೀರಾ ಕಡಿಮೆ. ಜಪಾನಿನ ಕೆಂಜೋ ಕಾಸೆ 1970ರ ದಶಕದಲ್ಲಿ ರೂಪಿಸಿದ ಈ ಟೇಪು ಚರ್ಮವನ್ನು ಎತ್ತಿ ರಕ್ತಸಂಚಾರ ಹೆಚ್ಚಿಸುತ್ತದೆ ಎಂಬ ವಿವರಣೆಗೆ ಗಟ್ಟಿ ಪುರಾವೆಯಿಲ್ಲ. ಬಣ್ಣ ಯಾವುದಾದರೂ ಒಂದೇ.

ಹಾಕುವುದಾದರೆ ಎಣ್ಣೆ, ಬೆವರು ಒರೆಸಿ, ಕೂದಲು ಕತ್ತರಿಸಿ, ಟೇಪಿನ ಮೂಲೆಗಳನ್ನು ದುಂಡಗೆ ಮಾಡಿಕೊಳ್ಳಿ. ಚೂಪು ಮೂಲೆ ಬಟ್ಟೆಗೆ ಸಿಕ್ಕಿ ಬೇಗ ಏಳುತ್ತದೆ. ಮಂಡಿ ಮಡಿಸಿ ಕೂತು, ಚಿಪ್ಪಿನ ಎರಡೂ ಬದಿಗೆ ಒಂದೊಂದು ಪಟ್ಟಿ ಅಂಟಿಸಿ. ನಡುಭಾಗಕ್ಕೆ ಶೇ. 15–25 ಎಳೆತ ಸಾಕು. ಎರಡೂ ತುದಿಯ 3–4 ಸೆಂ.ಮೀ. ಮಾತ್ರ ಚೂರೂ ಎಳೆಯಬೇಡಿ. ತುದಿ ಎಳೆದು ಅಂಟಿಸಿದರೆ ಅದು ಚರ್ಮವನ್ನು ಜಗ್ಗುತ್ತಲೇ ಇದ್ದು ಬೊಬ್ಬೆ ಏಳುತ್ತದೆ. ಆಮೇಲೆ ಅಂಗೈಯಿಂದ ಉಜ್ಜಿ. ಆ ಬಿಸಿಗೇ ಅಂಟು ಹಿಡಿಯುವುದು.

3–5 ದಿನ ಬಿಡಬಹುದು. ತುರಿಕೆ ಬಂದರೆ ತಕ್ಷಣ ಎಣ್ಣೆ ಹಚ್ಚಿ, ಕೂದಲಿನ ದಿಕ್ಕಿನಲ್ಲಿ ನಿಧಾನ ತೆಗೆಯಿರಿ. ಗಾಯ, ಸೋಂಕು, ರಕ್ತನಾಳದಲ್ಲಿ ಹೆಪ್ಪು ಇರುವವರಿಗೆ ಇದು ಬೇಡವೇ ಬೇಡ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಟೇಪಿನಿಂದ ನೋವು ತಗ್ಗಿದ ದಿನಗಳನ್ನು ದಯವಿಟ್ಟು ಅದಕ್ಕೇ ಬಳಸಿ.