ಕೇಳಿದ್ದೀರಿ, ಹೇಳಿದ್ದೇವೆ: ಸ್ಪೇನಿನ ಈಸ್ಟರ್ ವಾರ

ಪ್ರಶ್ನೆ: ಈಸ್ಟರಿಗೆ ಮುಂಚಿನ ವಾರ ಸ್ಪೇನಿನಲ್ಲಿ ಮಾಡುವ ‘ತೊರ್ರಿಹಾ’ ಎಂಬ ಕರಿದ ಬ್ರೆಡ್ಡಿನ ಸಿಹಿ ತಿಂಡಿ ಮಾಡಲು ಹೋದೆ. ಹಾಲಲ್ಲಿ ನೆನೆಸಿದ ಬ್ರೆಡ್ ಬಾಣಲೆಗೆ ಬೀಳುವ ಮೊದಲೇ ಮುದ್ದೆಯಾಯಿತು. ತಪ್ಪಿದ್ದೆಲ್ಲಿ?
— ಓದುಗರು, ಕಾರವಾರ

ಉತ್ತರ: ಬ್ರೆಡ್ಡಿನಲ್ಲೇ ತಪ್ಪಿರಬೇಕು. ಪ್ಯಾಕೆಟ್ಟಿನ ಸ್ಯಾಂಡ್‌ವಿಚ್ ಬ್ರೆಡ್ ತೆಳುವಾಗಿ ಮೆತ್ತಗಿರುತ್ತದೆ, ಇದಕ್ಕೆ ಆಗಿಬರುವುದಿಲ್ಲ. ಅಲ್ಲಿ ಬಳಸುವುದು ಹಳತಾಗಿ ಬಿರುಸಾದ ಬ್ರೆಡ್. ಬೇಕರಿಯಲ್ಲಿ ಹೋಳು ಮಾಡದ ಬ್ರೆಡ್ ಕೇಳಿ ತಂದು ಎರಡು ಬೆರಳು ದಪ್ಪಕ್ಕೆ ಕೊಯ್ಯಿರಿ. ಗಟ್ಟಿ ಪಾವ್ ಆದರೂ ನಡೆಯುತ್ತದೆ. ರಾತ್ರಿಯಿಡೀ ತಟ್ಟೆಯಲ್ಲಿ ಹರಡಿಡಿ. ಕರಾವಳಿಯ ಏಪ್ರಿಲ್ ಸೆಕೆಯಲ್ಲಿ ಡಬ್ಬಿಯೊಳಗೆ ಮುಚ್ಚಿಟ್ಟರೆ ಒಣಗುವ ಬದಲು ಬೂಸ್ಟು ಹಿಡಿಯುತ್ತದೆ.

12 ಹೋಳಿಗೆ 1 ಲೀಟರ್ ಹಾಲು, 100 ಗ್ರಾಂ ಸಕ್ಕರೆ, ಒಂದು ತುಂಡು ದಾಲ್ಚಿನ್ನಿ, ಒಂದು ನಿಂಬೆಯ ಸಿಪ್ಪೆ. ಸಿಪ್ಪೆಯ ಹಳದಿ ಪದರ ಮಾತ್ರ ಸಾಕು, ಬಿಳಿ ಸೇರಿದರೆ ಕಹಿ. ರಸ ಬಿದ್ದರೆ ಹಾಲು ಒಡೆದೀತು. ಕುದಿಸಿ, ಮುಚ್ಚಿಟ್ಟು, ಉಗುರು ಬೆಚ್ಚಗಾದ ಮೇಲೆ ಸೋಸಿ ಹೋಳುಗಳ ಮೇಲೆ ಹೊಯ್ಯಿರಿ. ಕುದಿಯುವ ಹಾಲು ಹೊಯ್ದರೆ ಹೊರಮೈ ಕಳಚಿಕೊಳ್ಳುತ್ತದೆ. ನೆನೆದ ಹೋಳು ಜಾಲರಿಯ ಮೇಲೆ ಐದು ನಿಮಿಷ ಸೋರಲಿ. ಆಮೇಲೆ ಕದಡಿದ 3 ಮೊಟ್ಟೆಯಲ್ಲಿ ಅದ್ದಿ ಕರಿಯಿರಿ. ಮೊಟ್ಟೆಯನ್ನು ಹಾಲಿಗೇ ಕಲಸಬೇಡಿ. ಹೋಳನ್ನು ಹಿಡಿದಿಡುವುದು ಹೊರಗಿನ ಆ ಮೊಟ್ಟೆಯ ಪದರವೇ. ಒಂದು ಸಲಕ್ಕೆ ಎರಡು ಮೂರರಂತೆ ಬಿಡಿ. ಹೆಚ್ಚಾದರೆ ಎಣ್ಣೆಯ ಕಾವು ಇಳಿದು ಹೋಳು ಎಣ್ಣೆ ಕುಡಿಯುತ್ತದೆ. ಅಲ್ಲಿಯದು ಆಲಿವ್ ಎಣ್ಣೆ. ಸೂರ್ಯಕಾಂತಿಯೂ ಸರಿ, ತೆಂಗಿನೆಣ್ಣೆ ಮಾತ್ರ ಬೇಡ. ಮೇಲೆ ಸಕ್ಕರೆ-ದಾಲ್ಚಿನ್ನಿ ಪುಡಿ, ಇಲ್ಲವೇ ನೀರು ಬೆರೆಸಿ ಕಾಯಿಸಿದ ಜೇನು. ಸಿರ್ಸಿ ಕಡೆಯ ಜೋನಿ ಬೆಲ್ಲ ಜೇನಿಗಿಂತ ಚೆನ್ನ. ಇದು ನಮ್ಮ ಮಾತು, ಸ್ಪೇನಿನವರದ್ದಲ್ಲ.

ಪ್ರಶ್ನೆ: ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ನಾವು ತೆಂಗಿನ ಗರಿ ಹಿಡಿಯುತ್ತೇವೆ. ಸ್ಪೇನಿನ ಫೋಟೋಗಳಲ್ಲಿ ಗರಿ ಬೆಳ್ಳಗಿರುತ್ತದೆ. ಬಣ್ಣ ಹಚ್ಚುತ್ತಾರೆಯೇ?
— ಓದುಗರು, ಹೊನ್ನಾವರ

ಉತ್ತರ: ಇಲ್ಲ, ಮರದಲ್ಲೇ ಹಾಗೆ ಬೆಳೆಸುತ್ತಾರೆ. ಆಲಿಕಾಂತೆ ಪ್ರಾಂತ್ಯದ ಎಲ್ಚೆ ಪಟ್ಟಣದ ಖರ್ಜೂರದ ತೋಟಗಳು ಇದಕ್ಕೆ ಹೆಸರುವಾಸಿ. ಅವು 2000ದಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ತುದಿಯ ಗರಿಗಳನ್ನು ಮೇಲೆತ್ತಿ ಕಟ್ಟಿ, ಕಪ್ಪು ಪ್ಲಾಸ್ಟಿಕ್ಕಿನ ಟೊಪ್ಪಿಗೆ ತೊಡಿಸಿ ತಿಂಗಳುಗಟ್ಟಲೆ ಬಿಡುತ್ತಾರೆ. ಬಿಸಿಲು ತಾಗದ ಹೊಸ ಗರಿಯಲ್ಲಿ ಪತ್ರಹರಿತ್ತು ಹುಟ್ಟುವುದಿಲ್ಲ. ಬೆಳಕು ನುಸುಳಿದರೆ ಹಸಿರು ತಿರುಗಿತೆಂದೇ ಲೆಕ್ಕ. ಕತಲೋನಿಯಾದಲ್ಲಿ ಹೆಣೆದ ಗರಿ ಹುಡುಗಿಯರಿಗೆ, ಹೆಣೆಯದ ನೀಳ ಗರಿ ಹುಡುಗರಿಗೆ.

ತೆಂಗಿನ ಅರಳದ ಸುಳಿ ತಾನಾಗಿಯೇ ತೆಳು ಹಳದಿ, ಟೊಪ್ಪಿಗೆ ಬೇಕಿಲ್ಲ. ಆದರೆ ಫಲ ಬಿಡುವ ಮರದ ಸುಳಿಗೆ ಕತ್ತಿ ಹಾಕಬೇಡಿ, ತೆಂಗಿಗೆ ಬೆಳೆಯುವ ಮೊಗ್ಗು ಒಂದೇ. ಕಡಿದುರುಳಿಸಿದ ಮರದ್ದು ಸಿಕ್ಕರೆ, ಹೆಣೆದು ಮುಗಿಯುವ ತನಕ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒಣಗಿದ್ದನ್ನು ಮಡಚಿದರೆ ಸೀಳುತ್ತದೆ.

ಪ್ರಶ್ನೆ: ಮಗ ಓದಲು ಸ್ಪೇನಿಗೆ ಹೋಗಿದ್ದಾನೆ. ಆ ವಾರದ ಮೆರವಣಿಗೆ ನೋಡಲು ಯಾವ ಊರಿಗೆ ಹೋಗಲಿ?
— ಓದುಗರು, ಸಿರ್ಸಿ

ಉತ್ತರ: ವೈಭವ ಬೇಕಿದ್ದರೆ ಸೆವಿಲ್, ಅದೂ ಗುರುವಾರದ ರಾತ್ರಿ ಪೂರ್ತಿ. ನಿಮ್ಮೂರಿನ ಮಾರಿಕಾಂಬೆಯ ತೇರನ್ನು ಎಳೆಯುತ್ತಾರೆ. ಅಲ್ಲಿನ ‘ಪಾಸೊ’ ಎಂಬ ವಿಗ್ರಹದ ಮಂಟಪವನ್ನು ಹೊರುತ್ತಾರೆ. ತಲೆಗೆ ಸಿಂಬೆಯಂತೆ ಬಟ್ಟೆ ಸುತ್ತಿಕೊಂಡವರು ಪರದೆಯ ಮರೆಯಲ್ಲಿ ಸಾಲಾಗಿ ನಿಂತು, ಕತ್ತಿನ ಬುಡದ ಮೇಲೆ ಭಾರ ಎತ್ತುತ್ತಾರೆ. ಅವರಿಗೆ ದಾರಿ ಕಾಣುವುದಿಲ್ಲ. ಮುಂದಿರುವ ಮುಖಂಡ ಲೋಹದ ಬಡಿಗೆ ಬಡಿದ ಸದ್ದಿಗೆ ಏಳಬೇಕು, ಅವನ ಕೂಗಿಗೆ ತಿರುಗಬೇಕು. ಮಾಲಗಾದಲ್ಲಿ ಹೊರುವುದು ಹೆಗಲ ಮೇಲೆ. ಮಳೆ ಬಂದರೆ ಮೆರವಣಿಗೆ ರದ್ದಾಗುತ್ತದೆ, ಏಕೆಂದರೆ ಬಣ್ಣದ ಹಳೆಯ ಮರದ ವಿಗ್ರಹಗಳು ನೆನೆಯಬಾರದು. ಮೇಣದ ಬತ್ತಿ ತೊಟ್ಟಿಕ್ಕಿ ಬೀದಿ ಜಾರುತ್ತದೆ. ಹಿಡಿತವಿರುವ ಶೂ ಹಾಕಿಕೊಳ್ಳಲಿ.

ಡೋಲಿನ ಹುಚ್ಚಿದ್ದರೆ ಅರಗೋನಿನ ಕಲಾಂದಾ. ಶುಭ ಶುಕ್ರವಾರ ಮಧ್ಯಾಹ್ನ 12ಕ್ಕೆ ಸರಿಯಾಗಿ ಊರಿಗೆ ಊರೇ ಒಮ್ಮೆಲೇ ಬಾರಿಸತೊಡಗುತ್ತದೆ. ಸ್ಪೇನಿನ ಈ ಡೋಲು ಆಚರಣೆಗಳು 2018ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿವೆ. ಗದ್ದಲ ಒಗ್ಗದಿದ್ದರೆ ಸಾಮೋರಾದ ಮೌನ ಮೆರವಣಿಗೆ. ಮುಂದೆ 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೆ. ಕೋಣೆ ತಿಂಗಳುಗಳ ಮೊದಲೇ ಕಾದಿರಿಸಲಿ.

ಪ್ರಶ್ನೆ: ಸ್ಪೇನಿನ ಈಸ್ಟರ್ ತಿನಿಸಾದ ‘ಮೋನಾ’ ಬ್ರೆಡ್ಡಿನ ಮೇಲೆ ಚಿಪ್ಪಿನ ಸಮೇತ ಮೊಟ್ಟೆ ಇಟ್ಟು ಬೇಯಿಸಿದರೆ ಸಿಡಿಯುವುದಿಲ್ಲವೇ?
— ಓದುಗರು, ಅಂಕೋಲಾ

ಉತ್ತರ: ಮೊದಲೇ ಬೇಯಿಸಿ ಆರಿಸಿದ ಮೊಟ್ಟೆಯಾದರೆ ಸಿಡಿಯುವ ಭಯವಿಲ್ಲ. ಹಿಟ್ಟು ಉಬ್ಬಿದ ಮೇಲೆ ಒತ್ತಿ ಕೂರಿಸಿ, ಮೇಲೆ ಹಿಟ್ಟಿನ ಎರಡು ಪಟ್ಟಿ ಅಡ್ಡ ಹಾಕಿದರೆ ಉರುಳುವುದಿಲ್ಲ. ವೆಲೆನ್ಸಿಯಾ, ಕತಲೋನಿಯಾಗಳಲ್ಲಿ ಇದನ್ನು ಗಾಡ್‌ಫಾದರ್ (ದೀಕ್ಷಾಸ್ನಾನದ ಧರ್ಮಪಿತ) ಮಗುವಿಗೆ ಕೊಡುವುದು ವಾಡಿಕೆ. ತಿನ್ನುವುದು ಈಸ್ಟರ್ ಮರುದಿನ, ಸೋಮವಾರ.