ರಕ್ತ ಪರೀಕ್ಷೆಗೂ ಮೆಟ್ಟಿಲು ಹತ್ತಲೇಬೇಕಾ?

ಪ್ರಶ್ನೆ: ಅಕ್ಕನಿಗೆ ಪೋಲಿಯೊದಿಂದ ಕಾಲುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿ ಬಳಸುತ್ತಾಳೆ. ಮೂರು ವಾರದಿಂದ ಕೆಮ್ಮು. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಲ್ಯಾಬ್ ಮಹಡಿ ಮೇಲಿದೆ, ಲಿಫ್ಟ್ ಇಲ್ಲ. ಹಿಂದೊಮ್ಮೆ ರಕ್ತ ಪರೀಕ್ಷೆಗೆ ಎಲ್ಲರ ಮುಂದೆ ಎತ್ತಿಕೊಂಡು ಹೋಗಿದ್ದೆವು. ಈಗ ಬರೋದೇ ಇಲ್ಲ ಅಂತಾಳೆ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಅಕ್ಕನದು ಹಟ ಅಲ್ಲ, ಅವರ ಮಾತು ಸರಿಯಾಗೇ ಇದೆ. ಆದರೆ ಕೆಮ್ಮು ಎರಡು ವಾರ ದಾಟಿದರೆ ಟಿಬಿ ಪರೀಕ್ಷೆ ಆಗಲೇಬೇಕು, ಮುಂದೂಡಬೇಡಿ. ಕಫದ ಪರೀಕ್ಷೆಗೆ ಅವರು ಲ್ಯಾಬಿಗೆ ಹೋಗಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿ ಡಬ್ಬಿ ತರಿಸಿಕೊಳ್ಳಿ, ಬೆಳಿಗ್ಗೆ ಎದ್ದ ಕೂಡಲೇ ಮನೆ ಹೊರಗೆ ಗಾಳಿಯಾಡುವ ಕಡೆ ಕೂತು ಕಫ ತೆಗೆದು ಕೊಟ್ಟರೆ ಸಾಕು, ಈ ಪರೀಕ್ಷೆ ಉಚಿತ. ಎಕ್ಸ್-ರೇ ಬೇಕು ಅಂದರೆ, ನಿಮ್ಮ ಕಡೆ ಟಿಬಿ ಶಿಬಿರ ಯಾವಾಗ ಅಂತ ಆಶಾ ಕಾರ್ಯಕರ್ತೆಯನ್ನೇ ಕೇಳಿ. 2024ರ ಡಿಸೆಂಬರ್‌ನಲ್ಲಿ ಶುರುವಾದ 100 ದಿನಗಳ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಎಕ್ಸ್-ರೇ ಯಂತ್ರಗಳನ್ನೂ ಬಳಸಿದ್ದಾರೆ.

ಇನ್ನು ರಕ್ತದ ಮಾತು. ಸಿರಿಂಜು, ಟ್ಯೂಬು ಹಿಡಿದುಕೊಂಡು ಟೆಕ್ನಿಶಿಯನ್ ಕೆಳಗೆ ಬರಬಹುದಲ್ವಾ? ವಾರ್ಡಿನಲ್ಲಿ ಮಲಗಿದವರ ಹತ್ತಿರ ಹೋಗಿ ರಕ್ತ ತೆಗೆಯೋದಿಲ್ವಾ? ಸಂಕೋಚ ಬಿಟ್ಟು ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಇರಲಿ, ಅದರ ಎಲ್ಲ ಭಾಗಕ್ಕೂ ಅಡೆತಡೆ ಇಲ್ಲದೆ ಹೋಗುವಂತಿರಬೇಕು, ಅಂಗವಿಕಲರನ್ನು ಮೊದಲು ನೋಡಬೇಕು. ಹಳೇ ಕಟ್ಟಡ ಅನ್ನೋ ನೆಪವೂ ನಡೆಯಲ್ಲ. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕಾನೂನು ಕೊಟ್ಟಿದ್ದ ಐದು ವರ್ಷ 2022ಕ್ಕೇ ಮುಗಿದಿದೆ. ಆಡಳಿತ ವೈದ್ಯಾಧಿಕಾರಿಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆಗಲೂ ಕದಲದಿದ್ದರೆ ಬೆಂಗಳೂರಿನಲ್ಲಿರುವ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಬರೆಯಿರಿ. ನಿಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಇದಕ್ಕೆ ನೆರವಾಗುತ್ತಾರೆ.

ಪ್ರಶ್ನೆ: ನನಗೆ ಕಣ್ಣು ಕಾಣಲ್ಲ. ಎಚ್‌ಐವಿ ಪರೀಕ್ಷೆ ಮಾಡಿಸಬೇಕು. ಜೊತೆಗೆ ಬಂದವರ ಎದುರೇ ಫಲಿತಾಂಶ ಓದಿಬಿಟ್ಟರೆ?
– ಹೆಸರು ಬೇಡ, ಮೈಸೂರು

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಕಣ್ಣು ಕಾಣುವವರ ಗುಟ್ಟನ್ನು ಕಾಪಾಡಿ, ನಿಮ್ಮದನ್ನು ಮಾತ್ರ ಜೊತೆಗಾರರ ಕಿವಿಗೆ ಹಾಕೋದು ತಪ್ಪು. ಸರ್ಕಾರಿ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆ ಕೇಂದ್ರದಲ್ಲಿ, ಪರೀಕ್ಷೆ ಉಚಿತ, ಮೊದಲೂ ಆಮೇಲೂ ಆಪ್ತಸಮಾಲೋಚನೆ ಇರುತ್ತೆ. ಒಳಗೆ ಹೋದ ಕೂಡಲೇ ಜೊತೆಗಾರರನ್ನು ಹೊರಗೆ ಕೂರಿಸಲು ಹೇಳಿ. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿಸಿಕೊಳ್ಳದೆ ಸಹಿಯನ್ನೂ ಹಾಕಬೇಡಿ, ಹೆಬ್ಬೆಟ್ಟನ್ನೂ ಒತ್ತಬೇಡಿ. ಫಲಿತಾಂಶವನ್ನು ನಿಮಗೊಬ್ಬರಿಗೇ ಓದಿ ಹೇಳಲಿ. ಒಪ್ಪಿಗೆಯ ಹಕ್ಕು, ಗೋಪ್ಯತೆಯ ಹಕ್ಕು ಎರಡನ್ನೂ 2017ರ ಎಚ್‌ಐವಿ ಕಾಯ್ದೆಯೇ ಕೊಟ್ಟಿದೆ. ಹೋಗುವ ಮುಂಚೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 1097ಕ್ಕೆ ಫೋನ್ ಮಾಡಿ, ದುಡ್ಡು ಖರ್ಚಾಗಲ್ಲ.